ಕಾಲದ ಕುರಿತು ಯಾವ ಪುಸ್ತಕಗಳನ್ನು ಓದೋಣ?

ಕೊಪ್ಪಳದ ಓದುಗ ಬಂಧುಗಳಿಗೆ ನಮಸ್ಕಾರ.

ಮುಂದಿನ ಒಂದು ವರ್ಷದ ಸಾಮೂಹಿಕ ಓದಿಗೆ ನೀವು ಕಾಲವನ್ನು ವಿಷಯವಾಗಿ ಆರಿಸಿಕೊಂಡಿದ್ದೀರಿ. ತಿಂಗಳಿಗೊಂದು ಪುಸ್ತಕವನ್ನು ಎಲ್ಲರೂ ಓದಿ ಮುಗಿಸಬೇಕೆಂಬ ಈ ಸವಾಲಿಗೆ ಯಾವ ಪುಸ್ತಕಗಳನ್ನು ಇಟ್ಟುಕೊಳ್ಳಬೇಕೆಂದು ಹೇಳಲು ನನ್ನನ್ನು ಕರೆದಿದ್ದೀರಿ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲವೆಂದರೇನು ಎಂದು ವಿವರಿಸುವ ಪುಸ್ತಕಗಳಿಗಿಂತ, ಕಾಲವು ಮನುಷ್ಯರನ್ನೂ ಮನೆತನಗಳನ್ನೂ ನೆಲವನ್ನೂ ಏನು ಮಾಡಿತು ಎಂದು ಕಾಣಿಸುವ ಪುಸ್ತಕಗಳೇ ಗುಂಪಿನ ಓದಿಗೆ ತಕ್ಕವು. ವಿವರಣೆಯ ಪುಸ್ತಕವಾದರೆ ಅರ್ಥವಾದ ಇಬ್ಬರು ಮಾತನಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಕಥನವಾದರೆ ನಿವೃತ್ತ ಮೇಷ್ಟ್ರಿಗೂ ಕಾಲೇಜಿನ ಹುಡುಗಿಗೂ ಗಂಗಾವತಿಯ ಕಡೆ ಭತ್ತ ಬೆಳೆಯುವವರಿಗೂ ಹೇಳಲು ಏನಾದರೊಂದು ಇದ್ದೇ ಇರುತ್ತದೆ.

ಕಾಲ ಎಂದೊಡನೆ ಎಲ್ಲರ ಬಾಯಿಗೂ ಮೊದಲು ಬರುವುದು 1988ರಲ್ಲಿ ಪ್ರಕಟವಾದ ಸ್ಟೀಫನ್ ಹಾಕಿಂಗ್ ಅವರ 'ಎ ಬ್ರೀಫ್ ಹಿಸ್ಟರಿ ಆಫ್ ಟೈಮ್'. ಒಂದೊಂದು ಸಮೀಕರಣವೂ ಮಾರಾಟವನ್ನು ಅರ್ಧಕ್ಕೆ ಇಳಿಸುತ್ತದೆಂದು ಯಾರೋ ಎಚ್ಚರಿಸಿದ್ದರಿಂದ ಅವರು ಐನ್‌ಸ್ಟೈನ್‌ರ ಒಂದೇ ಸಮೀಕರಣವನ್ನು ಉಳಿಸಿಕೊಂಡರು. ಆದರೂ ಕೊಂಡವರು ಬಹಳ, ಮುಗಿಸಿದವರು ಕಡಿಮೆ ಎಂಬ ಹೆಸರು ಆ ಪುಸ್ತಕಕ್ಕೆ ಅಂಟಿಕೊಂಡಿತು. ಅದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ, ಆದರೆ ಮೊದಲ ತಿಂಗಳಿಗೆ ಇಡಬೇಡಿ. ಮೊದಲ ಪುಸ್ತಕವನ್ನೇ ಅರ್ಧಕ್ಕೆ ಬಿಟ್ಟವರು ಎರಡನೆಯ ಸಭೆಗೆ ಬರಲು ಸಂಕೋಚಪಡುತ್ತಾರೆ. ಆರೇಳು ಪುಸ್ತಕಗಳಾಗಿ, ಬಳಗಕ್ಕೆ ಒಂದು ಹದ ಬಂದ ಮೇಲೆ, ಭೌತಶಾಸ್ತ್ರ ಕಲಿಸುವವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಓದಬಹುದು.

ಮೊದಲ ಪುಸ್ತಕವಾಗಿ ನಾನು ಸೂಚಿಸುವುದು ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು'. ಬಾಲ್ಯದಲ್ಲಿಯೇ ವಿಧವೆಯಾದ ಅಜ್ಜಿಯೊಬ್ಬಳು ಹಳೆಯ ವಸ್ತುವೊಂದನ್ನು ಕೈಯಲ್ಲಿ ಹಿಡಿದಾಗ ಅದರ ಹಿಂದಿನ ಬದುಕು ಅವಳ ಕಣ್ಣಿಗೆ ಕಟ್ಟುತ್ತದೆ. ಮೊಮ್ಮಗ ಸುಬ್ಬರಾಯ ಕೇಳುತ್ತ ಹೋಗುತ್ತಾನೆ, ಅವಳು ಹೇಳುತ್ತ ಹೋಗುತ್ತಾಳೆ. ಇಲ್ಲಿ ಗಡಿಯಾರವಿಲ್ಲ, ಇಸವಿಗಳ ಸಾಲಿಲ್ಲ; ಆದರೂ ಬೇಟೆಯಾಡುತ್ತಿದ್ದ ಮನುಷ್ಯನಿಂದ ಹಿಡಿದು ದೇವರುಗಳು ಹುಟ್ಟಿದ, ಬದಲಾದ, ಒಬ್ಬರನ್ನೊಬ್ಬರು ಪಕ್ಕಕ್ಕೆ ಸರಿಸಿದ ಕಾಲದವರೆಗಿನ ದೀರ್ಘ ಚರಿತ್ರೆಯು ಒಂದು ಮನೆಯ ಜಗಲಿಯ ಮಾತುಕತೆಯಲ್ಲಿ ಅಡಗಿದೆ. ಈ ಕಾದಂಬರಿ ಕರಾವಳಿಯದು ನಿಜ. ಆದರೆ ಇದನ್ನು ಓದಿ ಚರ್ಚಿಸಲು ನಮ್ಮ ಜಿಲ್ಲೆಯಷ್ಟು ಅನುಕೂಲವಾದ ಸ್ಥಳ ಇನ್ನೊಂದಿರಲಾರದು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಎರಡು ಸಾವಿರ ವರ್ಷಗಳಿಗೂ ಹಿಂದಿನ ಶಿಲಾ ಸಮಾಧಿಗಳು ನೂರಾರು ನಿಂತಿವೆ. ಮೋರ್ಯರೆಂಬ ಕುಳ್ಳ ಜನ ಅಲ್ಲಿ ಮನೆ ಮಾಡಿಕೊಂಡಿದ್ದರೆಂದು ಜನ ಹೇಳುತ್ತ ಬಂದಿದ್ದಾರೆ. ಕೊಪ್ಪಳದಲ್ಲೇ ಗವಿಮಠ ಮತ್ತು ಪಾಲ್ಕಿಗುಂಡಿನಲ್ಲಿ ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕನ ಶಾಸನಗಳಿವೆ. ಪುರಾತತ್ತ್ವಜ್ಞರು ಹೇಳುವ ಹಿರೇಬೆಣಕಲ್ಲು, ಊರಿನವರು ಹೇಳುವ ಮೋರ್ಯರ ಮನೆ, ಈ ಎರಡರಲ್ಲಿ ಮೂಕಜ್ಜಿ ಯಾವುದನ್ನು ಒಪ್ಪುತ್ತಿದ್ದಳು ಎಂಬ ಒಂದೇ ಪ್ರಶ್ನೆ ಒಂದು ಸಂಜೆಯ ಚರ್ಚೆಗೆ ಸಾಕು.

ಇದಾದ ಮೇಲೆ ಕಾರಂತರದೇ 'ಮರಳಿ ಮಣ್ಣಿಗೆ'ಯನ್ನು ಓದಬಹುದು. ಅಲ್ಲಿ ಕಾಲವನ್ನು ಅಳೆಯುವುದು ತಲೆಮಾರುಗಳಿಂದ. ಅಜ್ಜ, ಮಗ, ಮೊಮ್ಮಗ ಎಂಬ ಮೂರು ಹೆಜ್ಜೆಗಳಲ್ಲಿ ಒಂದು ಮನೆ ಬೀಳುತ್ತದೆ, ಮತ್ತೆ ನಿಲ್ಲಲು ನೋಡುತ್ತದೆ. ಎಸ್. ಎಲ್. ಭೈರಪ್ಪನವರ 'ಪರ್ವ'ದಲ್ಲಿ ಯುದ್ಧವು ಮುಂದಕ್ಕೆ ಸಾಗುತ್ತಿದ್ದರೆ ಪಾತ್ರಗಳ ನೆನಪು ಹಿಂದಕ್ಕೆ ನಡೆಯುತ್ತದೆ. ಆದರೆ ಅದರ ಗಾತ್ರ ದೊಡ್ಡದು, ಒಂದೇ ತಿಂಗಳಿಗೆ ಹಾಕಿದರೆ ಅನ್ಯಾಯವಾದೀತು. ಕುಂ. ವೀರಭದ್ರಪ್ಪನವರ 'ಅರಮನೆ'ಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬಾರದು. ನಿಜಾಮನು 1800ರಲ್ಲಿ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ ನಂತರ ಥಾಮಸ್ ಮನ್ರೋ ಅದರ ಆಡಳಿತಕ್ಕೆ ಬಂದ ದಿನಗಳು ಅದರಲ್ಲಿವೆ. ಪಾಳೇಗಾರರ ಕಾಲ ಮುಗಿಯುವುದೂ ಕಚೇರಿಯ ಕಾಲ ಶುರುವಾಗುವುದೂ ನಮ್ಮ ಮಗ್ಗುಲಿನ ಭಾಷೆಯಲ್ಲೇ ನಡೆಯುವ ಕಾದಂಬರಿ ಅದು.

ಹೊರಗಿನ ಪುಸ್ತಕಗಳಲ್ಲಿ ಎಚ್. ಜಿ. ವೆಲ್ಸ್‌ನ 'ದ ಟೈಮ್ ಮಷೀನ್' ಚಿಕ್ಕದು, 1895ರದು. ಕಾಲಯಾತ್ರಿಕನು 8,02,701ನೆಯ ಇಸವಿಗೆ ಹೋಗಿ ನೋಡುವುದು ಯಂತ್ರಗಳ ವೈಭವವನ್ನಲ್ಲ, ಉಳ್ಳವರು ಮತ್ತು ದುಡಿಯುವವರು ಎರಡು ಬೇರೆ ಜೀವಿಗಳೇ ಆಗಿಹೋಗಿರುವುದನ್ನು. ಶಾಲಾ ಮಕ್ಕಳೂ ಬರುವ ತಿಂಗಳಿಗೆ ಇದು ಒಳ್ಳೆಯದು.

ಡಾವಾ ಸೊಬೆಲ್ ಅವರ 'ಲಾಂಜಿಟ್ಯೂಡ್' ಎಂಬ 1995ರ ಪುಸ್ತಕವನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣ ರಾಯಚೂರು. ಸಮುದ್ರದಲ್ಲಿ ಹಡಗು ಯಾವ ರೇಖಾಂಶದಲ್ಲಿದೆ ಎಂದು ತಿಳಿಯಲು, ತೂಗಾಟಕ್ಕೂ ತೇವಕ್ಕೂ ಕೆಡದ ಗಡಿಯಾರವನ್ನು ಕಟ್ಟಿದ ಜಾನ್ ಹ್ಯಾರಿಸನ್ ಎಂಬ ಬಡಗಿಯ ಮಗನ ಕಥೆ ಅದು. ಪೂರ್ವಕ್ಕೆ ಸರಿದಷ್ಟೂ ಗಂಟೆ ಮುಂದೆ ಹೋಗುತ್ತದೆಂಬ ಅದೇ ತತ್ತ್ವದಿಂದ ಮುಂಬಯಿಯ ಕಾಲ ಮದರಾಸಿನ ಕಾಲಕ್ಕಿಂತ ಸುಮಾರು ಅರ್ಧ ಗಂಟೆ ಹಿಂದಿತ್ತು. ಮುಂಬಯಿ ಕಡೆಯ ರೈಲು ಮಾರ್ಗವೂ ಮದರಾಸಿನ ಕಡೆಯದೂ 1871ರಲ್ಲಿ ಬಂದು ಕೂಡಿದ್ದು ರಾಯಚೂರಿನಲ್ಲಿಯೇ. ದೇಶಕ್ಕೆಲ್ಲ ಒಂದೇ ಸಮಯವೆಂಬುದು 1906ರಲ್ಲಿ ಬಂದದ್ದು. ಈ ಪುಸ್ತಕ ಓದಿದವರು ಜಂಕ್ಷನ್ನಿನ ಗಡಿಯಾರವನ್ನು ಕುರಿತು ಕೇಳಲು ನೂರು ಪ್ರಶ್ನೆಗಳನ್ನು ತರುತ್ತಾರೆ.

ಇನ್ನು ವೇಳಾಪಟ್ಟಿ. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ, ಮಾರ್ಚ್‌ನಲ್ಲಿ ಪರೀಕ್ಷೆ; ಈ ಎರಡು ತಿಂಗಳಿಗೆ ಪುಸ್ತಕ ಇಡುವುದು ಬೇಡ. ಬದಲಿಗೆ ಬೇಂದ್ರೆಯವರ 'ಹಕ್ಕಿ ಹಾರುತಿದೆ ನೋಡಿದಿರಾ' ಕವಿತೆಯನ್ನು ಎಲ್ಲರೂ ಗಟ್ಟಿಯಾಗಿ ಓದಿ, ಒಂದೊಂದು ಚರಣಕ್ಕೂ ನಿಂತು ಮಾತನಾಡಬಹುದು. 'ಪರ್ವ'ಕ್ಕೆ ಏಪ್ರಿಲ್ ಮತ್ತು ಮೇ ಎರಡನ್ನೂ ಕೊಡಿ. ಬಿಸಿಲಿಗೆ ಹೊರಗೆ ಹೋಗುವ ಕೆಲಸವೂ ಕಡಿಮೆ. ಇಂಗ್ಲಿಷ್ ಪುಸ್ತಕ ಬಂದ ತಿಂಗಳು, ಓದಲಾರದವರಿಗಾಗಿ ಮೂರು ಜನ ಅಧ್ಯಾಯಗಳನ್ನು ಹಂಚಿಕೊಂಡು ಕನ್ನಡದಲ್ಲಿ ಹೇಳುವ ಹೊಣೆ ಹೊರಲಿ. ಎರವಲು ಪ್ರತಿಗಳು ಎಷ್ಟು ಸಿಗುತ್ತವೆ ಎಂದು ಗ್ರಂಥಾಲಯದಲ್ಲಿ ವಿಚಾರಿಸಿಕೊಂಡೇ ಪಟ್ಟಿಯನ್ನು ಗಟ್ಟಿ ಮಾಡಿ. ಹತ್ತು ಜನರಿಗೆ ಒಂದೇ ಪ್ರತಿ ಇರುವ ಪುಸ್ತಕ ಎಷ್ಟೇ ಶ್ರೇಷ್ಠವಾದರೂ ಈ ವರ್ಷಕ್ಕೆ ಬೇಡ.