ಓದಲು ಬಂದು ವಾಪಸ್ ಹೋದವರ ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಕಾಲೇಜೊಂದರ ಗ್ರಂಥಪಾಲಕಿ. ಗ್ರಂಥಾಲಯಗಳು ಇಂಟರ್ನೆಟ್ ಮೂಲಕ ತರಿಸುವ ಇ-ಜರ್ನಲ್ (ಅಂದರೆ ಸಂಶೋಧನಾ ಲೇಖನಗಳ ಪತ್ರಿಕೆ), ಇ-ಪುಸ್ತಕ, ಡೇಟಾಬೇಸ್‌ಗಳನ್ನು ಯಾರಾದರೂ ಓದುತ್ತಿದ್ದಾರಾ, ಎಷ್ಟು ಓದುತ್ತಿದ್ದಾರೆ, ಆ ಲೆಕ್ಕ ನಮ್ಮ ಕೈಗೆ ತಾನಾಗಿಯೇ ಬಂದು ಸೇರುವುದು ಹೇಗೆ ಅನ್ನೋದು ಇವತ್ತಿನ ಮಾತು. ವಿದ್ಯಾರ್ಥಿಗಳಿಗೂ ಅವರ ಫೀಸು ಕಟ್ಟುವ ತಂದೆತಾಯಿಗಳಿಗೂ ಇದು ಸಂಬಂಧಪಟ್ಟ ವಿಷಯವೇ. ಯಾಕೆಂದರೆ ಇವಕ್ಕೆ ಹೋಗುವ ಹಣ ಸಣ್ಣದಲ್ಲ.

ಕಾಗದದ ಪುಸ್ತಕದ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಕಣ್ಣೆದುರೇ ಇರುತ್ತಿತ್ತು. ಪುಸ್ತಕದ ಕೊನೆಯ ಪುಟಕ್ಕೆ ಅಂಟಿಸಿದ ಚೀಟಿಯ ಮೇಲೆ ತಾರೀಖಿನ ಮುದ್ರೆಗಳು ಬೀಳುತ್ತಾ ಹೋಗುತ್ತಿದ್ದವು. ಚೀಟಿ ತುಂಬಿದ್ದರೆ ಪುಸ್ತಕ ಓಡಾಡಿದೆ ಅಂತ ಅರ್ಥ. ಇ-ಜರ್ನಲ್ ಹಾಗಲ್ಲ. ಅದು ನಮ್ಮ ಕಪಾಟಿನಲ್ಲಿ ಇರುವುದೇ ಇಲ್ಲ, ಪ್ರಕಾಶಕರ ಸರ್ವರ್‌ನಲ್ಲಿ ಇರುತ್ತದೆ. ನಮ್ಮ ಹುಡುಗಿ ಹಾಸ್ಟೆಲ್ ರೂಮಿನಲ್ಲಿ ಕೂತು ರಾತ್ರಿ ಹನ್ನೊಂದಕ್ಕೆ ಒಂದು ಲೇಖನ ತೆರೆದರೆ ಅದು ಗೊತ್ತಾಗುವುದು ಪ್ರಕಾಶಕರಿಗೆ, ನಮಗಲ್ಲ. ನಮ್ಮ ಓದುಗರು ಏನು ಓದಿದರು ಅಂತ ನಾವು ಮಾರಿದವರನ್ನೇ ಕೇಳಿ ತಿಳಿಯಬೇಕು.

ಸರಿ, ಕೇಳೋಣ. ಆದರೆ ಮಾರುವವರು ಕೊಟ್ಟ ಲೆಕ್ಕ ನಂಬುವುದು ಹೇಗೆ? ಶುರುವಿನ ವರ್ಷಗಳಲ್ಲಿ ಒಬ್ಬೊಬ್ಬ ಪ್ರಕಾಶಕರದು ಒಂದೊಂದು ರೀತಿಯ ಎಣಿಕೆ ಇತ್ತು. ಒಬ್ಬರು ವೆಬ್ ಪುಟ ಎಷ್ಟು ಸಲ ತೆರೆಯಿತು ಅಂತ ಎಣಿಸುತ್ತಿದ್ದರು. ಇನ್ನೊಬ್ಬರು ಡೌನ್‌ಲೋಡ್ ಮಾತ್ರ ಎಣಿಸುತ್ತಿದ್ದರು. ಒಬ್ಬರ ಸಾವಿರಕ್ಕೂ ಇನ್ನೊಬ್ಬರ ಸಾವಿರಕ್ಕೂ ಸಂಬಂಧವೇ ಇರಲಿಲ್ಲ. ಇದನ್ನು ಸರಿಮಾಡಲು 2002ರಲ್ಲಿ ಗ್ರಂಥಪಾಲಕರು, ಪ್ರಕಾಶಕರು, ಚಂದಾ ಏಜೆಂಟರು ಒಟ್ಟಾಗಿ ಕೌಂಟರ್ ಅನ್ನುವ ಸಂಸ್ಥೆ ಶುರುಮಾಡಿದರು. ಮುಂದಿನ ವರ್ಷವೇ ಅದರ ಮೊದಲ ನಿಯಮಾವಳಿ ಬಂತು. ಎಲ್ಲರೂ ಒಂದೇ ರೀತಿ ಎಣಿಸಬೇಕು, ಆ ಎಣಿಕೆಯನ್ನು ಹೊರಗಿನವರು ಆಡಿಟ್ ಮಾಡಬೇಕು ಅನ್ನುವುದು ಅದರ ತಿರುಳು.

ಆ ನಿಯಮ ಎಷ್ಟು ಸೂಕ್ಷ್ಮವಾಗಿದೆ ಅಂತ ಒಂದು ಉದಾಹರಣೆ ಹೇಳುತ್ತೇನೆ. ಒಬ್ಬ ವಿದ್ಯಾರ್ಥಿ ಲೇಖನದ ಪಿಡಿಎಫ್ ಮೇಲೆ ಕ್ಲಿಕ್ ಮಾಡುತ್ತಾನೆ. ನೆಟ್ ನಿಧಾನ. ಏನೂ ಬರಲಿಲ್ಲ ಅಂತ ಇನ್ನೊಮ್ಮೆ ಒತ್ತುತ್ತಾನೆ, ಮತ್ತೊಮ್ಮೆ ಒತ್ತುತ್ತಾನೆ. ನಾವೆಲ್ಲ ಮಾಡುವುದೇ ಇದು, ಅಲ್ವಾ? ಸರ್ವರ್‌ಗೆ ತಲುಪಿದ ಕೋರಿಕೆ ಮೂರು, ಓದಿದ್ದು ಒಂದೇ ಲೇಖನ. ಆದ್ದರಿಂದ ಅದೇ ಓದುಗ ಅದೇ ಲೇಖನದ ಮೇಲೆ 30 ಸೆಕೆಂಡಿನ ಒಳಗೆ ಮತ್ತೆ ಒತ್ತಿದರೆ ಎರಡನ್ನೂ ಸೇರಿಸಿ ಒಂದೇ ಅಂತ ಎಣಿಸಬೇಕು ಅನ್ನುತ್ತದೆ ನಿಯಮ. ಸರ್ಚ್ ಎಂಜಿನ್‌ಗಳ ರೋಬಾಟ್‌ಗಳು ಬಂದು ಪುಟ ತೆರೆದರೆ ಅದನ್ನು ಲೆಕ್ಕದಿಂದ ತೆಗೆಯಬೇಕು.

ಇನ್ನೊಂದು ವಿಷಯ ಇತ್ತು. ಕೆಲವು ವೆಬ್‌ಸೈಟ್‌ಗಳಲ್ಲಿ ಲೇಖನ ಮೊದಲು ವೆಬ್ ಪುಟವಾಗಿ ಕಾಣಿಸುತ್ತದೆ. ಅಲ್ಲಿಂದ ಓದುಗ ಪಿಡಿಎಫ್ ಇಳಿಸಿಕೊಳ್ಳುತ್ತಾನೆ. ಓದಿದ್ದು ಒಂದು, ಲೆಕ್ಕದಲ್ಲಿ ಎರಡು. ಅಂಥ ವೆಬ್‌ಸೈಟಿನ ಜರ್ನಲ್‌ಗಳು ಸುಮ್ನೆ ಜಾಸ್ತಿ ಬಳಕೆಯಾದ ಹಾಗೆ ಕಾಣುತ್ತಿದ್ದವು. 2019ರ ಜನವರಿಯಿಂದ ಜಾರಿಗೆ ಬಂದ, ಕೌಂಟರ್ ನಿಯಮಾವಳಿಯ ಐದನೇ ಆವೃತ್ತಿ ಇದಕ್ಕೊಂದು ದಾರಿ ಮಾಡಿತು. ಒಂದು ಸಲ ಕೂತಾಗ ಒಂದು ಲೇಖನವನ್ನು ಎಷ್ಟು ರೂಪದಲ್ಲಿ ತೆರೆದರೂ ಒಂದೇ ಅಂತ ಎಣಿಸುವ ಬೇರೆ ಅಂಕಿ ಕೊಟ್ಟಿತು. ಒಂದು ಪ್ರಕಾಶಕರ ಪ್ಯಾಕೇಜನ್ನು ಇನ್ನೊಂದಕ್ಕೆ ಹೋಲಿಸುವಾಗ ನಾನು ನೋಡುವುದು ಈ ಅಂಕಿಯನ್ನೇ. ನೀವೂ ಗ್ರಂಥಪಾಲಕರಾಗಿದ್ದರೆ ದಯವಿಟ್ಟು ಅದನ್ನೇ ನೋಡಿ.

ಎಣಿಕೆ ಸರಿಹೋಯಿತು. ಆದರೆ ಲೆಕ್ಕ ತರುವುದು? ಅದೇ ದೊಡ್ಡ ತಲೆನೋವಾಗಿ ಉಳಿಯಿತು. ಪ್ರತಿ ಪ್ರಕಾಶಕರ ವೆಬ್‌ಸೈಟಿಗೂ ಬೇರೆ ಅಡ್ಮಿನ್ ಲಾಗಿನ್, ಬೇರೆ ಪಾಸ್‌ವರ್ಡ್. ಒಳಗೆ ಹೋಗಿ, ಯಾವ ಮೆನುವಿನ ಕೆಳಗೆ ರಿಪೋರ್ಟ್ ಅಡಗಿದೆ ಅಂತ ಹುಡುಕಿ, ತಿಂಗಳು ಆರಿಸಿ, ಎಕ್ಸೆಲ್ ಫೈಲ್ ಇಳಿಸಿ, ಅದನ್ನು ನಮ್ಮ ಫೈಲಿಗೆ ಕಾಪಿ ಮಾಡಬೇಕು. ಆಮೇಲೆ ಮುಂದಿನ ಪ್ರಕಾಶಕರು. ಗ್ರಂಥಪಾಲಕರಿಗೆ ವರ್ಗವಾದರೆ ಎಷ್ಟೋ ಕಡೆ ಪಾಸ್‌ವರ್ಡುಗಳೂ ಅವರ ಜೊತೆಗೇ ಹೋಗುತ್ತಿದ್ದವು. ಹೀಗಾಗಿ ಬಹಳ ಕಾಲೇಜುಗಳಲ್ಲಿ ಈ ಕೆಲಸ ನಡೆಯುತ್ತಿದ್ದದ್ದು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ತಂಡ ಬರುವ ಹೊತ್ತಿಗೆ ಮಾತ್ರ. ನ್ಯಾಕ್ ತನ್ನ ಮಾನದಂಡಗಳಲ್ಲಿ ಗ್ರಂಥಾಲಯಕ್ಕೆ ದಿನಕ್ಕೆ ಎಷ್ಟು ಜನ ಬರುತ್ತಾರೆ, ಆನ್‌ಲೈನ್ ಲಾಗಿನ್ ಎಷ್ಟು ಅಂತ ಕೇಳುತ್ತಾ ಬಂದಿದೆ. ಐದು ವರ್ಷದ ಲೆಕ್ಕವನ್ನು ಒಂದೇ ವಾರದಲ್ಲಿ ಕೂಡಿಸಿ ಫೈಲು ಮಾಡಿದರೆ ಆ ಅಂಕಿಯಿಂದ ಯಾವ ಓದುಗನಿಗೂ ಉಪಯೋಗವಿಲ್ಲ.

ಇದಕ್ಕೆ ಪರಿಹಾರ ಹುಡುಕುವ ಕೆಲಸ 2005ರ ಸುಮಾರಿಗೆ ಅಮೆರಿಕದಲ್ಲಿ ಶುರುವಾಯಿತು. ಕಾರ್ನೆಲ್ ವಿಶ್ವವಿದ್ಯಾಲಯದ ಗ್ರಂಥಾಲಯದ ಆಡಂ ಚಾಂಡ್ಲರ್, ಎಬ್ಸ್ಕೊ ಕಂಪನಿಯ ಆಲಿವರ್ ಪೆಶ್ ಅದರ ಮುಂದಾಳುಗಳು. ಒಬ್ಬರು ಕೊಳ್ಳುವವರ ಕಡೆಯವರು, ಒಬ್ಬರು ಮಾರುವವರ ಕಡೆಯವರು. ಅವರ ತಂಡ ಮಾಡಿದ ಪದ್ಧತಿಗೆ ಸುಶಿ ಅಂತ ಹೆಸರು. 2007ರಲ್ಲಿ ಅದು ಅಮೆರಿಕದ ನೈಸೊ ಸಂಸ್ಥೆಯ ಮಾನಕವಾಯಿತು. 2008ರಲ್ಲಿ ಬಂದ ಕೌಂಟರ್‌ನ ಮೂರನೇ ಆವೃತ್ತಿ ಸುಶಿಯನ್ನು ಪ್ರಕಾಶಕರಿಗೆ ಕಡ್ಡಾಯ ಮಾಡಿತು.

ಇದು ನಡೆಯುವ ರೀತಿ ಸರಳ. ಪ್ರಕಾಶಕರು ಗ್ರಂಥಾಲಯಕ್ಕೆ ಒಂದು ಗ್ರಾಹಕ ಸಂಖ್ಯೆ ಕೊಡುತ್ತಾರೆ. ಲೆಕ್ಕ ಕೇಳುವವರ ಗುರುತಿಗೆ ಇನ್ನೊಂದು ಸಂಖ್ಯೆ, ಇಲ್ಲವೇ ಎಪಿಐ ಕೀ, ಅಂದರೆ ಪ್ರೋಗ್ರಾಂ ಬಳಸುವ ಪಾಸ್‌ವರ್ಡ್ ಥರದ್ದು. ಇವನ್ನು ನಮ್ಮ ಕಂಪ್ಯೂಟರಿನ ಪ್ರೋಗ್ರಾಂನಲ್ಲಿ ಒಂದು ಸಲ ತುಂಬಿಸಿಟ್ಟರೆ ಸಾಕು. ಪ್ರತಿ ತಿಂಗಳು ಗೊತ್ತಾದ ದಿನ ಆ ಪ್ರೋಗ್ರಾಂ ತಾನೇ ಪ್ರಕಾಶಕರ ಸರ್ವರನ್ನು ಕೇಳುತ್ತದೆ. ಯಾವ ರಿಪೋರ್ಟು, ಯಾವ ತಿಂಗಳಿಂದ ಯಾವ ತಿಂಗಳವರೆಗೆ. ಸರ್ವರ್ ಉತ್ತರ ಕೊಡುತ್ತದೆ. ತಿಂಗಳು ಮುಗಿದ ನಾಲ್ಕು ವಾರದೊಳಗೆ ಆ ತಿಂಗಳ ಲೆಕ್ಕ ಸಿದ್ಧವಿರಬೇಕು ಅನ್ನುವುದು ನಿಯಮ. ಸಿದ್ಧವಿಲ್ಲದಿದ್ದರೆ ಸರ್ವರ್ ಸುಮ್ಮನಿರುವುದಿಲ್ಲ, 3031 ಅನ್ನುವ ಸಂಖ್ಯೆ ಕಳಿಸುತ್ತದೆ. ಇನ್ನೂ ತಯಾರಾಗಿಲ್ಲ, ಆಮೇಲೆ ಬಾ ಅಂತ ಅದರ ಅರ್ಥ. 3030 ಬಂದರೆ ಅರ್ಥ ಬೇರೆ. ಲೆಕ್ಕ ತಯಾರಿದೆ, ಆದರೆ ಆ ತಿಂಗಳು ನಿಮ್ಮಲ್ಲಿ ಯಾರೂ ಏನೂ ಓದಿಲ್ಲ ಅಂತ. ಈ ಎರಡು ಸಂಖ್ಯೆಗಳ ವ್ಯತ್ಯಾಸ ತಿಳಿಯದೆ ಖಾಲಿ ಜಾಗಕ್ಕೆಲ್ಲ ಸೊನ್ನೆ ತುಂಬಿಸಿದರೆ, ಚೆನ್ನಾಗಿ ಓದಿಸಿಕೊಳ್ಳುವ ಜರ್ನಲ್ಲೇ ಮುಂದಿನ ವರ್ಷ ಪಟ್ಟಿಯಿಂದ ಹೋಗಿಬಿಡಬಹುದು. ಹಾಗಾಗಿ ಯಂತ್ರ ತಂದದ್ದನ್ನು ಮನುಷ್ಯರು ಒಮ್ಮೆ ಕಣ್ಣಾಡಿಸಲೇಬೇಕು.

ಒಂದು ಅನುಮಾನ ಕೆಲವರಿಗೆ ಬರುತ್ತದೆ. ಯಾರು ಏನು ಓದಿದರು ಅಂತ ಇದರಲ್ಲಿ ಗೊತ್ತಾಗುತ್ತದಾ? ಇಲ್ಲ. ಈ ರಿಪೋರ್ಟುಗಳಲ್ಲಿ ಬರುವುದು ತಿಂಗಳ ಒಟ್ಟು ಮೊತ್ತ ಮಾತ್ರ. ಹೆಸರಿಲ್ಲ, ರೋಲ್ ನಂಬರ್ ಇಲ್ಲ. ಒಂದು ಕಾಯಿಲೆಯ ಬಗ್ಗೆಯೋ ಒಂದು ಕಾನೂನಿನ ಬಗ್ಗೆಯೋ ಓದಿದವರು ಯಾರು ಅಂತ ಗ್ರಂಥಪಾಲಕರಿಗೂ ತಿಳಿಯುವುದಿಲ್ಲ. ಹಾಗೆಯೇ ಇರಬೇಕು.

ಈಗ ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡ ವಿಷಯಕ್ಕೆ ಬರುತ್ತೇನೆ.

ಬಳಕೆಯ ಲೆಕ್ಕ ಅಂದ ಕೂಡಲೇ ಎಲ್ಲರೂ ಮಾಡುವುದು ಒಂದು ಭಾಗಾಕಾರ. ಜರ್ನಲ್‌ಗೆ ವರ್ಷಕ್ಕೆ 60,000 ರೂಪಾಯಿ ಚಂದಾ ಅಂತಿಟ್ಟುಕೊಳ್ಳಿ. 1,200 ಸಲ ಬಳಕೆಯಾದರೆ ಒಂದು ಸಲಕ್ಕೆ 50 ರೂಪಾಯಿ. 12 ಸಲ ಬಳಕೆಯಾದರೆ 5,000 ರೂಪಾಯಿ. ಎರಡನೆಯದನ್ನು ನಿಲ್ಲಿಸಿಬಿಡಿ ಅನ್ನುವ ಮಾತು ಕಮಿಟಿಯಲ್ಲಿ ತಕ್ಷಣ ಬರುತ್ತದೆ. ಆಡಳಿತದವರಿಗೆ ಈ ಲೆಕ್ಕ ಬೇಕು, ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಹನ್ನೆರಡು ಸಲ ಓದಿದವರು ಒಂದು ಸಣ್ಣ ವಿಭಾಗದ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳಾಗಿದ್ದರೆ? ಅವರಿಗೆ ಅದೊಂದೇ ಆಧಾರವಾಗಿದ್ದರೆ? ಕಮಿಟಿಗೆ ಹೋಗುವ ಮುಂಚೆ ಆ ವಿಭಾಗಕ್ಕೆ ಹೋಗಿ ಕೇಳಬೇಕು.

ಕನ್ನಡ ವಿಭಾಗದ ಓದು ಬಹುಮಟ್ಟಿಗೆ ಇನ್ನೂ ಕಾಗದದಲ್ಲೇ ನಡೆಯುತ್ತದೆ, ಈ ಪಟ್ಟಿಗಳಲ್ಲಿ ಅದು ಬರುವುದೇ ಇಲ್ಲ. ಪಟ್ಟಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಅವರು ಓದುತ್ತಿಲ್ಲ ಅಂತ ಯಾರೂ ಹೇಳಬಾರದು.

ನಾನು ಮೊದಲು ತೆರೆಯುವ ರಿಪೋರ್ಟೇ ಬೇರೆ. ಜರ್ನಲ್‌ಗಳ ರಿಪೋರ್ಟುಗಳಲ್ಲಿ ಜೆ-1 ಅನ್ನುವುದು ಓದಿದ್ದರ ಲೆಕ್ಕ. ಜೆ-2 ಅನ್ನುವುದು ಓದಲು ಬಂದು ಓದಲಾಗದೆ ಹೋದವರ ಲೆಕ್ಕ. ಅದರಲ್ಲಿ ಎರಡು ಬಗೆ ಇವೆ. ಒಂದು, ನಮ್ಮ ಗ್ರಂಥಾಲಯ ಆ ಜರ್ನಲ್‌ಗೆ ಚಂದಾ ಕಟ್ಟಿಲ್ಲ, ಆದ್ದರಿಂದ ಬಾಗಿಲು ತೆರೆಯಲಿಲ್ಲ. ಇನ್ನೊಂದು, ಚಂದಾ ಇದೆ, ಆದರೆ ಒಂದೇ ಹೊತ್ತಿಗೆ ಇಷ್ಟೇ ಜನ ಅನ್ನುವ ಮಿತಿ ಮೀರಿದೆ. ಔಷಧಿ ಅಂಗಡಿಯವರು ತಮ್ಮಲ್ಲಿಲ್ಲದ ಮಾತ್ರೆಯನ್ನು ಯಾರಾದರೂ ಕೇಳಿದರೆ ಅದರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾರೆ ನೋಡಿ, ಈ ರಿಪೋರ್ಟು ಆ ಪುಸ್ತಕ.

ಗ್ರಂಥಾಲಯದ ಮೇಜಿನ ಹತ್ತಿರ ಬಂದು ಮೇಡಂ, ಈ ಜರ್ನಲ್ ಬೇಕಿತ್ತು ಅಂತ ಕೇಳುವ ವಿದ್ಯಾರ್ಥಿಗಳು ಬಹಳ ಕಡಿಮೆ. ಸಂಕೋಚ ಇರುತ್ತದೆ. ಹಳ್ಳಿಯಿಂದ ಬಂದ, ಮನೆಯಲ್ಲಿ ಮೊದಲ ಸಲ ಕಾಲೇಜು ಹತ್ತಿದ ಮಕ್ಕಳಿಗಂತೂ ಕೇಳಬಹುದು ಅನ್ನುವುದೇ ಗೊತ್ತಿರುವುದಿಲ್ಲ. ಪರದೆಯ ಮೇಲೆ ನಿಮಗೆ ಅನುಮತಿ ಇಲ್ಲ ಅಂತ ಬಂದರೆ, ಇದು ನಮ್ಮಂಥವರಿಗಲ್ಲ ಅಂದುಕೊಂಡು ಸುಮ್ಮನಾಗುತ್ತಾರೆ. ಅವರು ಬಾಯಿಬಿಟ್ಟು ಕೇಳದೇ ಇದ್ದದ್ದು ಜೆ-2ರಲ್ಲಿ ಒಂದು ಅಂಕಿಯಾಗಿ ಬಂದಿರುತ್ತದೆ. ಗ್ರಂಥಾಲಯ ಶಾಸ್ತ್ರಜ್ಞ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಗಳಿಗಾಗಿ ಕೊಟ್ಟ ಐದು ಸೂತ್ರಗಳಲ್ಲಿ ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಅನ್ನುವುದು. 1962ರಲ್ಲಿ ನಮ್ಮ ಬೆಂಗಳೂರಿನಲ್ಲೇ ಡಿಆರ್‌ಟಿಸಿ ಅನ್ನುವ ಗ್ರಂಥಾಲಯ ಶಾಸ್ತ್ರದ ತರಬೇತಿ ಕೇಂದ್ರ ಕಟ್ಟಿದವರು ಅವರು. ಆ ಸೂತ್ರ ಎಲ್ಲಿ ಮುರಿಯುತ್ತಿದೆ ಅಂತ ಹೆಸರು ಹಿಡಿದು ತೋರಿಸುವ ಕಾಗದ ಇದು.

ಇಲ್ಲೇ ಯಂತ್ರದ ನಿಜವಾದ ಉಪಕಾರ ಇರುವುದು. ವರ್ಷಕ್ಕೊಮ್ಮೆ ಕೈಯಲ್ಲಿ ಲೆಕ್ಕ ತರುತ್ತಿದ್ದಾಗ ಜೆ-2 ನೋಡುವ ಹೊತ್ತಿಗೆ ಆ ವಿದ್ಯಾರ್ಥಿಯ ಪ್ರಾಜೆಕ್ಟ್ ಮುಗಿದು ಅವನು ಕಾಲೇಜು ಬಿಟ್ಟಿರುತ್ತಿದ್ದ. ತಿಂಗಳು ತಿಂಗಳು ಬಂದರೆ ಏನಾದರೂ ಮಾಡಬಹುದು. ಒಂದು ಜರ್ನಲ್ ಹೆಸರು ಸತತ ಎರಡು ತಿಂಗಳು ಮೇಲೆ ಬಂತು ಅಂದರೆ ಸಂಬಂಧಪಟ್ಟ ವಿಭಾಗಕ್ಕೆ ಫೋನ್ ಮಾಡಬಹುದು. ಬೇಕಾದ ಲೇಖನಗಳನ್ನು ಡೆಲ್‌ನೆಟ್ ಅನ್ನುವ ಗ್ರಂಥಾಲಯಗಳ ಜಾಲದ ಮೂಲಕ ಬೇರೆ ಗ್ರಂಥಾಲಯದಿಂದ ತರಿಸಿಕೊಡಬಹುದು. ಬೇಡಿಕೆ ನಿಲ್ಲದಿದ್ದರೆ ಮುಂದಿನ ಬಜೆಟ್ಟಿನಲ್ಲಿ ಚಂದಾ ಕೇಳಬಹುದು. ಕೇಳುವಾಗ ಕೈಯಲ್ಲಿ ಪುರಾವೆ ಇರುತ್ತದೆ.

ಈಗ ಜರ್ನಲ್‌ಗಳ ಚಂದಾವನ್ನು ಕೇಂದ್ರ ಸರ್ಕಾರವೇ ಕಟ್ಟುವ, ಒಂದು ದೇಶ ಒಂದು ಚಂದಾ ಅನ್ನುವ ಯೋಜನೆ ಬಂದಿದೆ. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. 2025, 2026, 2027, ಈ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಮೂವತ್ತು ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳು, ಕೇಂದ್ರದ ಸಂಶೋಧನಾ ಸಂಸ್ಥೆಗಳು ಸೇರಿ 6,300ಕ್ಕೂ ಹೆಚ್ಚು ಕಡೆ ಓದಬಹುದು. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇದನ್ನು ನಡೆಸುತ್ತದೆ. ಸದಸ್ಯ ಸಂಸ್ಥೆಗಳ ಬಳಕೆಯ ಲೆಕ್ಕ ಒಂದೇ ಕಡೆ ನೋಡಲು ಇನ್ಫಿಸ್ಟ್ಯಾಟ್ಸ್ ಅನ್ನುವ ಪೋರ್ಟಲನ್ನೂ ಅದು ಮಾಡಿದೆ.

ಹಣ ದೆಹಲಿಯಿಂದ ಬರುತ್ತದೆ, ಇನ್ನು ನಾವ್ಯಾಕೆ ಎಣಿಸಬೇಕು ಅಂತ ಕೆಲವರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಯೋಜನೆಯ ಬಳಕೆಯನ್ನು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಕಾಲಕಾಲಕ್ಕೆ ಪರಿಶೀಲಿಸುತ್ತದೆ ಅಂತ ಸಂಪುಟದ ತೀರ್ಮಾನದಲ್ಲೇ ಇದೆ. ನಮ್ಮ ಜಿಲ್ಲೆಯ ಸರ್ಕಾರಿ ಕಾಲೇಜಿನ ಬಳಕೆ ಸೊನ್ನೆ ಅಂತ ಅಲ್ಲಿ ಕಂಡರೆ ಕಾರಣ ಹೇಳಬೇಕಾದವರು ಯಾರು? ಬಹಳ ಸಲ ಕಾರಣ ಓದುವ ಮನಸ್ಸಿಲ್ಲ ಅನ್ನುವುದಲ್ಲ. ಲಾಗಿನ್ ಮಾಡಿಸಿಕೊಟ್ಟಿಲ್ಲ, ಹೇಗೆ ತೆರೆಯಬೇಕು ಅಂತ ಯಾರೂ ತೋರಿಸಿಲ್ಲ. ಯಾವ ವಿಭಾಗದಲ್ಲಿ ಹಾಗಾಗಿದೆ ಅಂತ ಊಹಿಸಲು ತಿಂಗಳ ಲೆಕ್ಕ ನೆರವಾಗುತ್ತದೆ. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಸಂಗತಿ ಬೇರೆ. ಯೋಜನೆ ಶುರುವಾದಾಗ ಅವು ಅದರೊಳಗೆ ಇರಲಿಲ್ಲ. ವಿಟಿಯು ಕನ್ಸಾರ್ಟಿಯಂನಂಥ ಕೂಟದ ಮೂಲಕವೋ ಸ್ವಂತ ಖರ್ಚಿನಲ್ಲೋ ತರಿಸಬೇಕು. ಅಲ್ಲಿ ಪ್ರತಿ ರೂಪಾಯಿಗೂ ಲೆಕ್ಕ ಬೇಕೇ ಬೇಕು.

ಗ್ರಂಥಪಾಲಕ ಮಿತ್ರರಿಗೆ ಒಂದೆರಡು ಮಾತು. ಚಂದಾ ನವೀಕರಿಸುವ ಸಮಯದಲ್ಲೇ ಸುಶಿಯ ಗ್ರಾಹಕ ಸಂಖ್ಯೆ, ಎಪಿಐ ಕೀ ಕೇಳಿ ಪಡೆಯಿರಿ. ಹಣ ಕೊಟ್ಟ ಮೇಲೆ ಉತ್ತರ ನಿಧಾನವಾಗುತ್ತದೆ. ಅವನ್ನು ನಿಮ್ಮ ಸ್ವಂತ ಇಮೇಲಿಗೆ ಅಲ್ಲ, ಗ್ರಂಥಾಲಯದ ಇಮೇಲಿಗೆ ತರಿಸಿಕೊಳ್ಳಿ. ನಮ್ಮಲ್ಲಿ ಬಹಳ ಕಡೆ ಇರುವ ಕೋಹಾ ತಂತ್ರಾಂಶದ ಹೊಸ ಆವೃತ್ತಿಗಳಲ್ಲಿ ಈ ಲೆಕ್ಕ ತಂದಿಡುವ ಸೌಲಭ್ಯ ಇದೆ, ಅದಕ್ಕೆ ಬೇರೆ ದುಡ್ಡಿಲ್ಲ. ಬಂದ ಲೆಕ್ಕವನ್ನು ನಿಮ್ಮಲ್ಲೇ ಉಳಿಸಿಕೊಳ್ಳಿ. ಪ್ರಕಾಶಕರು ಈ ವರ್ಷದ್ದು ಮತ್ತು ಹಿಂದಿನ ಎರಡು ವರ್ಷದ್ದು ಕೊಟ್ಟರೆ ಅವರ ಕರ್ತವ್ಯ ಮುಗಿಯಿತು. ಅದಕ್ಕಿಂತ ಹಳೆಯದು ಕೇಳಿದರೆ ಸಿಗದೇ ಹೋಗಬಹುದು.

ವಿದ್ಯಾರ್ಥಿಗಳಿಗೆ ಒಂದು ಕೋರಿಕೆ. ಕ್ಯಾಂಪಸ್ಸಿನ ವೈಫೈನಲ್ಲಿ ಓದಿದರೆ ಅದು ನಿಮ್ಮ ಕಾಲೇಜಿನ ಓದು ಅಂತ ಸರ್ವರ್‌ಗೆ ಗೊತ್ತಾಗುತ್ತದೆ. ಮನೆಯಲ್ಲಿ ಮೊಬೈಲ್ ಡೇಟಾದಲ್ಲಿ ಓದುವಾಗ ಕಾಲೇಜು ಕೊಟ್ಟ ಲಾಗಿನ್ ಮೂಲಕವೇ ಹೋಗಿ. ಇನ್‌ಫ್ಲಿಬ್‌ನೆಟ್‌ನ ಲಾಗಿನ್ ವ್ಯವಸ್ಥೆಯಾದ ಇನ್‌ಫೆಡ್ ಇರುವ ಕಡೆ ಅದರಲ್ಲೇ ಒಳಗೆ ಬನ್ನಿ. ಲಾಗಿನ್ ಇಲ್ಲದೆ ಹೋಗಿ ಬಾಗಿಲು ಮುಚ್ಚಿದ್ದರೆ ಆ ನಿರಾಕರಣೆ ಯಾವ ಕಾಲೇಜಿನ ಲೆಕ್ಕಕ್ಕೂ ಸೇರುವುದಿಲ್ಲ, ನಮಗೆ ತಿಳಿಯುವುದೂ ಇಲ್ಲ. ಲಾಗಿನ್ ಆಗಿ ಹೋದ ಮೇಲೂ ತೆರೆಯದಿದ್ದರೆ ಆ ಜರ್ನಲ್ಲಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಗ್ರಂಥಾಲಯದ ಕೌಂಟರಿನಲ್ಲಿ ಕೊಡಿ. ಮುಂದಿನ ತಿಂಗಳ ಜೆ-2 ಬರುವವರೆಗೂ ಕಾಯಬೇಕಾಗಿಲ್ಲ, ಲೇಖನ ತರಿಸುವ ಕೆಲಸ ಅವತ್ತೇ ಶುರುಮಾಡಬಹುದು.

ನಮಸ್ಕಾರ.