ಶಾಲು ಹೊದಿಸಿದ ಮೇಲೆ ಮಳೆಗಾಲ ಬರುತ್ತದೆ

ನಮಸ್ಕಾರ. ಇವತ್ತು ಕಲಾಸಂಘಗಳ ಖರ್ಚಿನ ಬಗ್ಗೆ ಸ್ವಲ್ಪ ನಿಷ್ಠುರವಾಗಿ ಮಾತಾಡೋಣ.

ನಮ್ಮ ಕಡೆ ಸಂಘ ಎಂದರೆ ವಾರ್ಷಿಕೋತ್ಸವ, ವಾರ್ಷಿಕೋತ್ಸವ ಎಂದರೆ ಸನ್ಮಾನ. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಕಟ್ಟು ಹಾಕಿಸಿದ ಮಾನಪತ್ರ, ಸ್ಮರಣಿಕೆ. ಎಷ್ಟೇ ಕೈ ಬಿಗಿಹಿಡಿದರೂ ಒಬ್ಬರಿಗೆ ಒಂದೂವರೆ ಸಾವಿರ ಆಗುತ್ತದೆ. ಹತ್ತು ಜನರಿಗೆ ಮಾಡಿದರೆ ಹದಿನೈದು ಸಾವಿರ, ಅದರ ಮೇಲೆ ಶಾಮಿಯಾನ, ಮೈಕು, ಊಟ. ಗೌರವ ಕೊಡಬೇಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಕರಾವಳಿಯ ಯಕ್ಷಗಾನ ಕಲಾವಿದನ ವರ್ಷ ಹೇಗಿರುತ್ತದೆ ಎಂದು ನೋಡಿದವರಿಗೆ ಈ ಪಟ್ಟಿ ತಲೆಕೆಳಗಾಗಿ ಕಾಣುತ್ತದೆ.

ಮೇಳಗಳ, ಅಂದರೆ ಯಕ್ಷಗಾನ ತಂಡಗಳ ತಿರುಗಾಟ ಶುರುವಾಗುವುದು ದೀಪಾವಳಿ ಕಳೆದ ಮೇಲೆ. ಮುಗಿಯುವುದು ಪತ್ತನಾಜೆಗೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ 24-25ರ ಸುಮಾರಿಗೆ. ಅವತ್ತು ಗೆಜ್ಜೆ ಬಿಚ್ಚಿದರೆ ಮತ್ತೆ ಕಟ್ಟುವುದು ನವೆಂಬರಿನಲ್ಲಿ. ನಡುವಿನ ಐದು ತಿಂಗಳು ಮೇಳದ ಸಂಬಳವಿಲ್ಲ. ಹೆಸರಿದ್ದವರಿಗೆ ಬೆಂಗಳೂರು, ಮುಂಬೈಯಲ್ಲಿ ಆಟಗಳು, ಅಂದರೆ ಪ್ರದರ್ಶನಗಳು ಸಿಗುತ್ತವೆ. ಕೆಲವರು ಚಿಕ್ಕಮೇಳ ಎಂಬ ಸಣ್ಣ ತಂಡ ಕಟ್ಟಿಕೊಂಡು ಸಂಜೆ ಮನೆಮನೆಗೆ ಆಡಲು ಹೋಗುತ್ತಾರೆ. ಉಳಿದವರಿಗೆ ಕೂಲಿ, ಕೃಷಿ, ಇಲ್ಲವೇ ಸಾಲ. ಮಕ್ಕಳ ಶಾಲಾ ಫೀಸು ಕಟ್ಟಬೇಕಾದದ್ದೂ ಅದೇ ಜೂನ್‌ನಲ್ಲಿ. ಸಂಘದ ಕೆಲಸ ಈ ಐದು ತಿಂಗಳಲ್ಲಿ ಕಾಣಬೇಕು ಎನ್ನುವುದು ನನ್ನ ವಾದ.

ಉಡುಪಿಯ ಯಕ್ಷಗಾನ ಕಲಾರಂಗ ಇದನ್ನು ಬಹಳ ಹಿಂದೆಯೇ ಅರ್ಥ ಮಾಡಿಕೊಂಡಿತು. 1975ರಲ್ಲಿ ಹುಟ್ಟಿದ ಸಂಸ್ಥೆ. ಪ್ರಶಸ್ತಿಗಳನ್ನೂ ಕೊಡುತ್ತದೆ, ಸಭೆಗಳನ್ನೂ ಮಾಡುತ್ತದೆ. ಆದರೆ ಜೊತೆಗೆ ಯಕ್ಷನಿಧಿಯ ಮೂಲಕ ಕಲಾವಿದರ ಕ್ಷೇಮ ನೋಡುತ್ತದೆ, ವಿದ್ಯಾಪೋಷಕ್ ಮೂಲಕ ಬಡ ಮಕ್ಕಳನ್ನು ಓದಿಸುತ್ತದೆ, ಸೂರಿಲ್ಲದವರಿಗೆ ಮನೆ ಕಟ್ಟಿಸಿಕೊಡುತ್ತದೆ. ‘ಕಲಾಸಂಘಕ್ಕೇಕೆ ಮನೆ ಕಟ್ಟುವ ಉಸಾಬರಿ’ ಎಂದು ಕೇಳುವವರಿದ್ದಾರೆ. ಸೋರುವ ಮನೆಯಲ್ಲಿ ಮಲಗಿ ಎದ್ದವನೇ ರಾತ್ರಿ ದೇವೇಂದ್ರನ ವೇಷ ಹಾಕಬೇಕು ಸ್ವಾಮಿ.

ಅಷ್ಟು ದೊಡ್ಡದು ಎಲ್ಲರಿಗೂ ಆಗುವುದಿಲ್ಲ, ಸರಿ. ಸಣ್ಣ ಸಂಘ ಎಲ್ಲಿಂದ ಶುರು ಮಾಡಬೇಕು? ವಿಮೆಯಿಂದ. ಪ್ರಧಾನಮಂತ್ರಿ ಸುರಕ್ಷಾ ಬಿಮಾಕ್ಕೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವಯಸ್ಸಿನವರಿಗೆ ಅಪಘಾತದ ಸಾವಿಗೆ 2 ಲಕ್ಷ. ಜೀವನಜ್ಯೋತಿ ಎಂಬ ಜೀವವಿಮೆಗೆ 436 ರೂಪಾಯಿ. 50 ದಾಟುವ ಮೊದಲು ಸೇರಬೇಕು, ಯಾವ ಕಾರಣದ ಸಾವಾದರೂ 2 ಲಕ್ಷ. ಎರಡೂ ಸೇರಿ ಒಬ್ಬರಿಗೆ 456. ಒಂದು ಸನ್ಮಾನದ ಖರ್ಚಿನಲ್ಲಿ ಮೂವರಿಗೆ ಆಗುತ್ತದೆ. ರಾತ್ರಿಯಿಡೀ ಕುಣಿದು ಬೆಳಗಿನ ಜಾವ ನಿದ್ದೆಗಣ್ಣಲ್ಲಿ ಬೈಕ್ ಓಡಿಸಿಕೊಂಡು ಮನೆಗೆ ಹೋಗುವ ಕಸುಬು ಇದು. ಅಪಘಾತ ವಿಮೆ ಇಲ್ಲದೆ ಯಾರನ್ನೂ ತಿರುಗಾಟಕ್ಕೆ ಬಿಡಬಾರದು.

ಇದು ತಪ್ಪುವುದು ಎಲ್ಲಿ ಗೊತ್ತಾ? ಈ ವಿಮೆಗಳ ವರ್ಷ ಜೂನ್ 1ರಿಂದ ಮೇ 31ರವರೆಗೆ. ಹಣ ಖಾತೆಯಿಂದ ತಾನಾಗಿಯೇ ಕಡಿತವಾಗುವುದು ಮೇ ಕೊನೆಯಲ್ಲಿ, ಅಂದರೆ ಪತ್ತನಾಜೆ ಮುಗಿದ ವಾರದಲ್ಲಿ. ಖಾತೆಯಲ್ಲಿ ಐನೂರು ರೂಪಾಯಿ ಇಲ್ಲದಿದ್ದರೆ ವಿಮೆ ಸದ್ದಿಲ್ಲದೆ ನಿಂತುಹೋಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಸಂಘ ಮೇ ಮೊದಲ ವಾರದಲ್ಲೇ ಎಲ್ಲರ ಪಾಸ್‌ಬುಕ್ ತರಿಸಿ ನೋಡಬೇಕು: ಖಾತೆ ಚಾಲ್ತಿಯಲ್ಲಿದೆಯೇ, ನಾಮಿನಿ ಹೆಸರು ಇದೆಯೇ, ಮದುವೆಗೆ ಮುಂಚೆ ಬರೆಸಿದ ತಾಯಿಯ ಹೆಸರೇ ಇನ್ನೂ ಉಳಿದಿದೆಯೇ? ಇನ್ನೊಂದು ತೊಂದರೆ ಎಫ್‌ಐಆರ್‌ನದ್ದು. ಒಬ್ಬನೇ ಬೈಕ್‌ನಿಂದ ಬಿದ್ದರೆ ಮನೆಯವರು ಪೊಲೀಸ್ ಠಾಣೆಗೆ ಹೋಗುವುದೇ ಇಲ್ಲ, ಆಮೇಲೆ ಕ್ಲೇಮ್ ನಿಲ್ಲುತ್ತದೆ. ಇದನ್ನು ಹೆಂಡತಿಗೂ ಹೇಳಿಟ್ಟಿರಬೇಕು, ಕಲಾವಿದನಿಗೆ ಮಾತ್ರ ಹೇಳಿದರೆ ಪ್ರಯೋಜನವಿಲ್ಲ. ಆಸ್ಪತ್ರೆ ಖರ್ಚು ಈ ವಿಮೆಗಳಲ್ಲಿ ಬರುವುದಿಲ್ಲ. ಅದಕ್ಕೆ ಆಯುಷ್ಮಾನ್ ಕಾರ್ಡ್ ಬೇರೆಯೇ ಮಾಡಿಸಬೇಕು. ಮಂಡಿಕುಣಿತ ಹಾಕಿ ಹಾಕಿ ಮಂಡಿ ಸವೆದವರ ಸಂಖ್ಯೆ ಕಡಿಮೆಯೇನಲ್ಲ.

ಎರಡನೆಯದು ಶಾಲೆ. ಉಡುಪಿಯಲ್ಲೇ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಯ ಮಕ್ಕಳಿಗೆ ಯಕ್ಷಗಾನ ಕಲಿಸುತ್ತಿದೆ. ಮೇಳಕ್ಕೆ ರಜೆ ಬೀಳುವಾಗ ಶಾಲೆ ತೆರೆಯುತ್ತದೆ. ಕಲಾವಿದನಿಗೆ ಕೆಲಸವಿಲ್ಲದ ತಿಂಗಳುಗಳಲ್ಲೇ ಮಕ್ಕಳಿಗೆ ಗುರು ಬೇಕು. ಇದಕ್ಕಿಂತ ಸಲೀಸಾದ ಹೊಂದಾಣಿಕೆ ಎಲ್ಲಿ ಸಿಗುತ್ತದೆ?

ವಾರಕ್ಕೆ ಎರಡು ದಿನ ಎಂದಿಟ್ಟುಕೊಂಡರೆ ಕಾಗದದ ಮೇಲೆ ನಲವತ್ತು ತರಗತಿ. ಮಳೆಗೆ ಜಿಲ್ಲಾಧಿಕಾರಿ ಕೊಡುವ ರಜೆ, ಚೌತಿ, ಅಷ್ಟಮಿ, ದಸರಾ ಎಲ್ಲ ಕಳೆದರೆ ಮೂವತ್ತು ಉಳಿದರೆ ಪುಣ್ಯ. ಹತ್ತು ತರಗತಿ ತಾಳ ಮತ್ತು ಹೆಜ್ಜೆಗೇ ಬೇಕು. ಎಂಟು, ಒಂಬತ್ತನೇ ತರಗತಿಯವರನ್ನು ತೆಗೆದುಕೊಳ್ಳಿ. ಹತ್ತನೆಯವರನ್ನು ಅಕ್ಟೋಬರ್ ಬಂತೆಂದರೆ ಪೋಷಕರು ಎಳೆದುಕೊಂಡು ಹೋಗುತ್ತಾರೆ, ಪಾತ್ರ ಖಾಲಿಯಾಗುತ್ತದೆ.

ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದ ಪದ, ಅಂದರೆ ಯಕ್ಷಗಾನದ ಹಾಡು, ಹಾಕಿ ಅಭ್ಯಾಸ ಮಾಡಿಸುವುದು ಅಗ್ಗ. ಆದರೆ ರಂಗಸ್ಥಳದಲ್ಲಿ ಹಾಡುವ ಭಾಗವತರು ಲಯ ಏರಿಸಿದ ತಕ್ಷಣ ಮಕ್ಕಳು ಕಂಗಾಲಾಗುತ್ತಾರೆ. ಕೊನೆಯ ನಾಲ್ಕು ತರಗತಿಗಾದರೂ ಚೆಂಡೆ ಮದ್ದಳೆ ಎದುರಿಗೇ ಇರಬೇಕು. ವೇಷವೂ ಅಷ್ಟೇ. ಪ್ರದರ್ಶನದ ದಿನವೇ ಮೊದಲ ಬಾರಿಗೆ ಕಿರೀಟ ಕಟ್ಟಿಸಿಕೊಂಡ ಹುಡುಗ ಕತ್ತು ತಿರುಗಿಸಲಾರ, ಅರ್ಧ ಗಂಟೆಗೆ ತಲೆನೋವು ಬಂದು ಅರ್ಥವನ್ನೇ, ಅಂದರೆ ಪಾತ್ರದ ಮಾತುಗಳನ್ನೇ ಮರೆಯುತ್ತಾನೆ. ವೇಷಭೂಷಣದ ಬಾಡಿಗೆಯನ್ನು ಎರಡು ದಿನಕ್ಕೆ ಲೆಕ್ಕ ಹಾಕಿ. ಅರ್ಥಗಾರಿಕೆಯನ್ನು ಪೂರ್ತಿ ಬರೆದುಕೊಟ್ಟು ಬಾಯಿಪಾಠ ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ಪದದ ಸಾರ ಹೇಳಿ, ನಿನ್ನ ಮಾತಲ್ಲಿ ಹೇಳು ಎಂದರೆ ಮೊದಲು ತಡವರಿಸುತ್ತಾರೆ, ಆಮೇಲೆ ನಿಲ್ಲಿಸುವುದೇ ಕಷ್ಟ.

ಗುರುವಿಗೆ ಸಂಭಾವನೆ ಪ್ರತಿ ತಿಂಗಳೂ ಖಾತೆಗೆ ಹೋಗಬೇಕು, ಪ್ರಯಾಣದ ಖರ್ಚು ಪ್ರತ್ಯೇಕ. ಡಿಸೆಂಬರಿನಲ್ಲಿ ವೇದಿಕೆಗೆ ಕರೆದು ಲಕೋಟೆ ಕೊಡುವ ಪದ್ಧತಿಯಿಂದ ಜುಲೈ ತಿಂಗಳ ಅಕ್ಕಿ ಬರುವುದಿಲ್ಲ.

ವಿದ್ಯಾರ್ಥಿವೇತನದಲ್ಲಿ ನಮ್ಮವರ ದೊಡ್ಡ ಚಟ ಹಂಚುವುದು. ಒಂದು ಲಕ್ಷ ಇದ್ದರೆ ಐವತ್ತು ಮಕ್ಕಳಿಗೆ ಎರಡೆರಡು ಸಾವಿರ. ಫೋಟೋದಲ್ಲಿ ಐವತ್ತು ತಲೆ ಕಾಣುತ್ತದೆ, ಆದರೆ ಒಬ್ಬರ ಫೀಸೂ ತುಂಬುವುದಿಲ್ಲ. ಅದೇ ಹಣದಲ್ಲಿ ಎಂಟು ಮಕ್ಕಳಿಗೆ ಹನ್ನೆರಡೂವರೆ ಸಾವಿರ ಕೊಟ್ಟು, ಪಿಯುಸಿಯಿಂದ ಪದವಿ ಮುಗಿಯುವವರೆಗೆ ಕೈ ಬಿಡದಿರುವುದು ಮೇಲು. ಆರಿಸುವುದು ಹೇಗೆ? ವಿದ್ಯಾಪೋಷಕ್‌ನವರು ಮಾಡುವ ಹಾಗೆ ಮನೆಗೆ ಹೋಗಿ ನೋಡಿ. ಇಬ್ಬರು ಹೋಗಬೇಕು, ಒಬ್ಬರು ಬೇರೆ ಊರಿನವರಾಗಿರಬೇಕು. ಅಂಕಪಟ್ಟಿ ಆಮೇಲೆ ನೋಡಿದರಾಯಿತು, ಮೊದಲು ಸ್ವಸಹಾಯ ಸಂಘದ ಸಾಲದ ಪುಸ್ತಕ ಕೇಳಿ. ಮನೆಯ ಹಕೀಕತ್ತು ಅದರಲ್ಲಿರುತ್ತದೆ.

ಇನ್ನು ದತ್ತಿನಿಧಿ. ತಂದೆಯ ಹೆಸರಲ್ಲಿ ಹತ್ತು ಸಾವಿರ ಇಟ್ಟು ಪ್ರತಿ ವರ್ಷ ಪ್ರಶಸ್ತಿ ಕೊಡಿ ಎನ್ನುತ್ತಾರೆ. ಆರೂವರೆ ಶೇಕಡಾ ಬಡ್ಡಿಗೆ 650 ರೂಪಾಯಿ. ಸ್ಮರಣಿಕೆಗೂ ಸಾಲದು. ದಾನಿಗಳ ಒಪ್ಪಿಗೆ ಬರೆಸಿಕೊಂಡು ಇಂಥ ಇಪ್ಪತ್ತು ದತ್ತಿಗಳನ್ನು ಒಂದು ಮಾಡಿದರೆ ಒಬ್ಬ ಹುಡುಗಿಯ ವರ್ಷದ ಫೀಸಾದರೂ ಬರುತ್ತದೆ.

ಇಷ್ಟೆಲ್ಲ ಮಾಡುವವರು ಯಾರು? ನಿವೃತ್ತ ಮೇಷ್ಟ್ರ ಉತ್ಸಾಹದ ಮೇಲೆ ಎಷ್ಟು ವರ್ಷ ಸಂಘ ನಡೆಯುತ್ತದೆ? ಪಾಸ್‌ಬುಕ್ ನೋಡಲು, ಮನೆಭೇಟಿಗೆ ದಿನ ಗೊತ್ತು ಮಾಡಲು, ದಾನಿಗಳ ವಿವರವನ್ನು ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಲು ಸಂಬಳದ ಮನುಷ್ಯ ಬೇಕು. ದಾನಿಗಳು ಕಟ್ಟಡಕ್ಕೆ ಕೊಡುತ್ತಾರೆ, ಸಂಬಳ ಎಂದರೆ ಮುಖ ಸಿಂಡರಿಸುತ್ತಾರೆ. ಕಂಪನಿಗಳು ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ನಿಯಮದಲ್ಲಿ ಆಡಳಿತ ಖರ್ಚಿಗಿರುವ ಶೇಕಡಾ 5ರ ಮಿತಿ ತೋರಿಸುತ್ತವೆ. ಆ ಮಿತಿ ಇರುವುದು ಕಂಪನಿಯ ಸ್ವಂತ ಆಡಳಿತ ಖರ್ಚಿಗೆ. ಯೋಜನೆಯನ್ನು ನೇರವಾಗಿ ನಡೆಸುವವನ ಸಂಬಳ ಯೋಜನೆಯದೇ ವೆಚ್ಚ. ಪ್ರಸ್ತಾವನೆಯಲ್ಲಿ ಅದನ್ನು ‘ಇತರೆ’ ಎಂಬ ಸಾಲಿನಲ್ಲಿ ಅಡಗಿಸಬೇಡಿ. ಸಂಯೋಜಕ, ಹನ್ನೆರಡು ತಿಂಗಳು, ತಿಂಗಳಿಗೆ ಇಷ್ಟು ಎಂದು ಮೊದಲ ಪುಟದಲ್ಲೇ ಬರೆಯಿರಿ.