ಎರಡು ಬೆರಳು ಸಾಲದ ಹಗ್ಗ

ದಾಮ ಅಂದ್ರೆ ಹಗ್ಗ. ಉದರ ಅಂದ್ರೆ ಹೊಟ್ಟೆ. ಹೊಟ್ಟೆಗೆ ಹಗ್ಗ ಕಟ್ಟಿಸಿಕೊಂಡವನು ದಾಮೋದರ, ನಮ್ಮ ಬಾಲಕೃಷ್ಣ. ಅಷ್ಟೇ ಅರ್ಥ.

ಕಾರ್ತಿಕ ಬಂತು ಅಂದ್ರೆ ನಮ್ಮ ಮನೆಯಲ್ಲಿ ಈ ಹೆಸರು ಜಾಸ್ತಿ ಕೇಳುತ್ತದೆ. ತುಳಸಿಕಟ್ಟೆಯಲ್ಲಿ ನೆಲ್ಲಿ ಕೊಂಬೆ ನೆಟ್ಟು, ನೆಲ್ಲಿಕಾಯಿ ಕೊರೆದು ಬತ್ತಿ ಇಟ್ಟು, ಕಾರ್ತಿಕ ದಾಮೋದರ ಅಂತ ಕೈ ಮುಗಿಯುತ್ತೇವೆ. ಹೊಟ್ಟೆ, ಹಗ್ಗ ಯಾರಿಗೂ ನೆನಪಾಗುವುದಿಲ್ಲ. ನೆನಪಾದರೂ 'ಅದು ಮಕ್ಕಳ ಕಥೆ, ಒಳಗಿನ ತತ್ವ ಬೇರೆ' ಅನ್ನುವವರಿದ್ದಾರೆ. ನನಗೆ ತಕರಾರಿರುವುದು ಇಲ್ಲೇ.

ವಿಷ್ಣು ಸಹಸ್ರನಾಮದ ಶಾಂಕರ ಭಾಷ್ಯ ಈ ಹೆಸರಿಗೆ ದೊಡ್ಡ ಅರ್ಥಗಳನ್ನೂ ಕೊಡುತ್ತದೆ. ದಮ, ಅಂದರೆ ಇಂದ್ರಿಯಗಳ ಹಿಡಿತ, ಅದರಿಂದ ತಿಳಿಯಾದ ಬುದ್ಧಿಗೆ ಸಿಗುವವನು. ಲೋಕಗಳನ್ನೆಲ್ಲ ಹೊಟ್ಟೆಯಲ್ಲಿ ಇಟ್ಟುಕೊಂಡವನು. ಆದರೆ ಯಶೋದೆಯ ಹಗ್ಗವನ್ನು ಆ ಭಾಷ್ಯವೂ ಬಿಟ್ಟಿಲ್ಲ ನೋಡಿ.

ಭಾಗವತದ ಹತ್ತನೇ ಸ್ಕಂಧ, 9ನೇ ಅಧ್ಯಾಯ. ಒಲೆಯ ಮೇಲೆ ಹಾಲು ಉಕ್ಕಿತು. ಯಶೋದೆ ಮೊಲೆ ಕುಡಿಯುತ್ತಿದ್ದ ಮಗುವನ್ನು ಇಳಿಸಿ ಓಡಿದಳು. ಇವನಿಗೆ ಸಿಟ್ಟು. ಮೊಸರಿನ ಗಡಿಗೆ ಒಡೆದ, ಮಗುಚಿದ ಒರಳಿನ ಮೇಲೆ ಹತ್ತಿ ಮಂಗಕ್ಕೆ ಬೆಣ್ಣೆ ಹಂಚಿದ. ಅವಳು ಹಿಡಿದು ಒರಳಿಗೆ ಕಟ್ಟಲು ಹೋದರೆ ಹಗ್ಗ ಎರಡು ಬೆರಳು ಸಾಲದು. ಇನ್ನೊಂದು ಹಗ್ಗ ಸೇರಿಸಿ ಗಂಟು ಹಾಕಿದಳು. ಮತ್ತೆ ಎರಡೇ ಬೆರಳು. ಮನೆಯಲ್ಲಿದ್ದ ಹಗ್ಗವೆಲ್ಲ ಮುಗಿಯಿತು. ಅದೇ ಎರಡು ಬೆರಳು!

ಗಮನಿಸಿ, ಕೊರತೆ ಹೆಚ್ಚಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ಒಳಗೆ ಹೊರಗೆ, ಹಿಂದೆ ಮುಂದೆ ಅಂತ ಇಲ್ಲದವನು ಇವನು ಅಂತ ಅದೇ ಅಧ್ಯಾಯ ಹೇಳುತ್ತದೆ. ಇಲ್ಲದ ಸೊಂಟಕ್ಕೆ ಅಳತೆ ಎಲ್ಲಿಂದ ತರೋದು? ವೇದಾಂತ ಪುಸ್ತಕ ಪುಟಗಟ್ಟಲೆ ಹೇಳುವುದನ್ನು ಈ ಎರಡು ಬೆರಳು ಹೇಳಿ ಮುಗಿಸುತ್ತದೆ. ಕಥೆಯ ಹೊರಗೆ ತತ್ವ ಹುಡುಕುವವರು ಯಾಕೆ ಅಷ್ಟು ದೂರ ಹೋಗುತ್ತಾರೋ!

ಆಮೇಲೇನಾಯಿತು? ಅಮ್ಮನ ಮೈಯೆಲ್ಲ ಬೆವರು. ಮುಡಿಯ ಹೂವು ಜಾರಿ ಬಿದ್ದಿತ್ತು. ಅವಳ ಪರಿಶ್ರಮ ನೋಡಿ ಕೃಪೆಯಿಂದ ಕಟ್ಟಿಸಿಕೊಂಡ. ಪರಿಶ್ರಮ, ಕೃಪೆ, ಎರಡೂ ಶ್ಲೋಕದಲ್ಲೇ ಇರುವ ಮಾತು. ಒಂದು ಬೆರಳು ಅವಳ ಪರಿಶ್ರಮ, ಇನ್ನೊಂದು ಅವನ ಕೃಪೆ ಅಂತ ಆಮೇಲಿನ ವ್ಯಾಖ್ಯಾನಕಾರರು ಬಿಡಿಸಿದ್ದು ಇದನ್ನೇ. ದಿನಕ್ಕೆ ಇಷ್ಟು ಸಾವಿರ ಜಪ ಅಂತ ಲೆಕ್ಕ ಬರೆದಿಡುವವರನ್ನು ನೋಡಿದಾಗ ನನಗೆ ಈ ಗಂಟುಗಳೇ ಕಾಣುತ್ತವೆ. ಜಪ ಬೇಡ ಅನ್ನುತ್ತಿಲ್ಲ, ಅವಳೂ ಗಂಟು ಹಾಕುವುದನ್ನು ಬಿಡಲಿಲ್ಲವಲ್ಲ.

ಕಟ್ಟಿ ಅವಳು ಮನೆಗೆಲಸಕ್ಕೆ ಹೋದಳು. ಇವನು ಒರಳು ಎಳೆದುಕೊಂಡೇ ಎರಡು ಮತ್ತಿ ಮರಗಳ ನಡುವೆ ನುಗ್ಗಿದ. ಮರ ಉರುಳಿತು, ಶಾಪದಿಂದ ಆ ಮರಗಳಾಗಿ ನಿಂತಿದ್ದವರು ಕುಬೇರನ ಇಬ್ಬರು ಮಕ್ಕಳು, ಅವರು ಬಿಡುಗಡೆಯಾದರು. ತನ್ನ ಹಗ್ಗ ಮಾತ್ರ ಬಿಚ್ಚಿಕೊಳ್ಳಲಿಲ್ಲ. ಸದ್ದು ಕೇಳಿ ನಂದಗೋಪ ಓಡಿ ಬಂದ, ಮಗ ಒರಳು ಎಳೆಯುವುದನ್ನು ನೋಡಿ ನಗುತ್ತಾ ಅವನೇ ಬಿಚ್ಚಿದ.